ಗಾರ್ಡ್ ಸಾಹೇಬ ಕೊಟ್ಟ ಕೊನೆಯ ಚಿತ್ರ

ಮೊನ್ನೆ ಹರಿದುಹೋದ ನಿಘಂಟೊಂದನ್ನು ಬೈಂಡ್ ಮಾಡಿಸಲು ಹೋಗಿದ್ದೆ. ಅಂಗಡಿಯವನು ಸ್ಟವ್ ಮೇಲೆ ಅಂಟು ಕುದಿಸುತ್ತಿದ್ದ. ಮೈದಾಹಿಟ್ಟು, ನೀರು, ಹುಳ ಹತ್ತಬಾರದೆಂದು ಒಂದು ಚಿಟಿಕೆ ಮೈಲುತುತ್ತ. ಆ ಹುಳಿ ಹುಳಿ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಿಘಂಟನ್ನು ಅವನ ಕೈಯಲ್ಲಿಟ್ಟು, ‘ನಾಳೆ ಬರ್ತೇನಪಾ’ ಎಂದು ಹೊರಗೆ ಬಂದುಬಿಟ್ಟೆ. ಅಂಟಿನ ಮೇಲೆ ಸಿಟ್ಟಾಗುವ ಮುದುಕಿಯನ್ನು ಅವನು ಎಂದೂ ಕಂಡಿರಲಿಕ್ಕಿಲ್ಲ, ಪಾಪ.

ಎಪ್ಪತ್ತರ ದಶಕದ ಮಾತು. ನನಗೆ ಗುಡಗೇರಿಯ ಕನ್ನಡ ಶಾಲೆಯಲ್ಲಿ ನೌಕರಿ ಸಿಕ್ಕಿತ್ತು. ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಿದ್ದೆ. ಬಾಜೂ ಮನೆಯಲ್ಲಿ ಕಾಕಾ ಇದ್ದರು. ನನಗೆ ರಕ್ತಸಂಬಂಧವೇನೂ ಅಲ್ಲ, ಊರಿಗೆಲ್ಲ ಅವರು ಕಾಕಾ. ಮನೆಯ ಮುಂಭಾಗದಲ್ಲೇ ಅವರದೊಂದು ಎಲೆ, ಅಡಿಕೆ, ಬೀಡಿ, ತಂಬಾಕಿನ ಅಂಗಡಿ. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ಪಟಕಾ, ಬಾಯಲ್ಲಿ ಸದಾ ಎಲೆ. ಹೆಂಡತಿ ಎಂದೋ ತೀರಿಕೊಂಡಿದ್ದಳು. ಮನೆಯಲ್ಲಿ ಮಗ ಮತ್ತು ಸೊಸೆ. ಮಗನ ಬಾಯಿ ಕೆಟ್ಟದ್ದು, ಒಂದು ಲೋಟ ನೆಲಕ್ಕೆ ಬಿದ್ದರೂ ಓಣಿಗೆ ಕೇಳುವಂತೆ ಬೈಯುತ್ತಿದ್ದ. ಸೊಸೆ ನನ್ನ ವಾರಿಗೆಯವಳು. ನಾನು ಆ ಊರಿಗೆ ಹೋದ ವರ್ಷವೇ ಅವಳ ಚೊಚ್ಚಲು ಕೂಸು ಹುಟ್ಟುವಾಗಲೇ ತೀರಿಕೊಂಡಿತ್ತು. ಆಮೇಲೆ ಆ ಹುಡುಗಿ ಮಾತು ಬಿಟ್ಟಿದ್ದಳು ಎಂದೇ ಹೇಳಬೇಕು. ಕೇಳಿದ್ದಕ್ಕೆ ‘ಹೂಂನ್ರಿ’, ‘ಇಲ್ರಿ’, ಅಷ್ಟೇ…

ಒಂದು ರವಿವಾರ ಮಧ್ಯಾಹ್ನ ಕಾಕಾ ಅಂಗಡಿಯ ಬಾಗಿಲು ಅರ್ಧ ಎಳೆದು ನನ್ನನ್ನು ಕರೆದರು. ಕೈ ತೊಳೆದು, ಧೋತರದ ತುದಿಗೆ ಒರೆಸಿಕೊಂಡು, ಒಂದು ಬಿಸ್ಕೀಟಿನ ಡಬ್ಬಿ ತೆಗೆದರು. ಒಳಗೆ ಅರಿವೆಯಲ್ಲಿ ಸುತ್ತಿದ ಸಣ್ಣ ಸಣ್ಣ ಚಿತ್ರಗಳು. ಬೆಂಕಿಪೆಟ್ಟಿಗೆಗಿಂತ ತುಸು ಉದ್ದ, ದಪ್ಪ ಕಾಗದ, ಇಷ್ಟು ವರ್ಷವಾದರೂ ಮಾಸದ ಬಣ್ಣ. ಒಂದೊಂದರ ಮೇಲೂ ಒಬ್ಬೊಬ್ಬ ಬಿಳಿ ಮನುಷ್ಯ. ಟೊಪ್ಪಿಗೆ, ಜೋಲು ಚಡ್ಡಿ, ಮೊಣಕಾಲ ತನಕ ಕಾಲುಚೀಲ, ಒಬ್ಬನ ಕೈಯಲ್ಲಿ ಒನಕೆಯಂಥ ದಾಂಡು, ಇನ್ನೊಬ್ಬನ ಕೈಗೆ ಊದಿಕೊಂಡಂಥ ಚರ್ಮದ ಚೀಲ.

‘ಇದು ಯಾವ ಆಟಾರಿ ಅಕ್ಕಾರ? ನಾ ಚಿನ್ನಿದಾಂಡಂತನ ತಿಳಕೊಂಡೀನಿ ಇಲ್ಲೀತನಕಾ.’

ನಾನು ಹಿಂದೆ ತಿರುಗಿಸಿ ಓದಿದೆ. ಬೇಸ್‌ಬಾಲ್. ಅಮೇರಿಕದ ಆಟ. ಅಷ್ಟು ಓದುವುದಕ್ಕೇ ನನಗೆ ಬೆವರು ಬಂದಿತ್ತು. ನನ್ನ ಇಂಗ್ಲಿಷು ಅಂಥದೇ ಇತ್ತು, ಆದರೆ ಕಾಕಾನ ಮುಂದೆ ಬಡಾಯಿಗೆ ಕಡಿಮೆ ಇರಲಿಲ್ಲ.

ಆ ಚಿತ್ರಗಳ ಕತೆಯನ್ನು ಅವರೇ ಹೇಳಿದರು. ಕಾಕಾ ಹರೆಯದವರಿದ್ದಾಗ ಅಂಗಡಿ ಅವರ ಅಪ್ಪನದಿತ್ತು. ಪ್ಯಾಸೆಂಜರ್ ಗಾಡಿ ಬಂದಾಗ ಎಲೆಯ ಬುಟ್ಟಿ ಹೊತ್ತು ಸ್ಟೇಶನ್ನಿಗೆ ಓಡುವುದು ಅವರ ಕೆಲಸ. ಗಾಡಿಯ ಗಾರ್ಡ್ ಸಾಹೇಬನಿಗೆ ಇವರು ಕಟ್ಟಿದ ಎಲೆಯೇ ಬೇಕು. ದೊಡ್ಡ ದೇಹ, ಕೆಂಪು ಮುಖ, ಮುರುಕು ಹಿಂದುಸ್ತಾನಿ. ಅವನ ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದನಂತೆ. ಅಮೇರಿಕದ ಬಂದರಿನಿಂದ ಸಿಗರೇಟು ಪಾಕೀಟಿನೊಳಗಿನ ಚಿತ್ರಗಳನ್ನು ತಮ್ಮನಿಗೆಂದು ತಂದುಕೊಡುತ್ತಿದ್ದ. ಆಗ ಗಾರ್ಡ್ ಸಾಹೇಬ ಇನ್ನೂ ಶಾಲೆಯ ಹುಡುಗ. ದೊಡ್ಡವನಾದ ಮೇಲೂ ಅವನ್ನು ಬಿಡದೆ ಜೋಪಾನ ಮಾಡಿದ್ದ. ಮಕ್ಕಳಿರಲಿಲ್ಲ. ಎಲೆ ಕೊಟ್ಟಾಗೊಮ್ಮೆ ಒಂದು ಚಿತ್ರವನ್ನು ಈ ಹರೆಯದವನ ಅಂಗೈಯಲ್ಲಿಟ್ಟು ನಗುತ್ತಿದ್ದನಂತೆ.

‘ಮೊದಲ ಬರೇ ದಪ್ಪ ಕಾಗದಾ ಇಡತಿದ್ರಂತರಿ, ಪಾಕೀಟಿನ್ಯಾಗ ಸಿಗರೇಟ್ ಮುರೀಬಾರದಂತ. ಖಾಲಿ ಯಾಕ ಇಡೂದು ಅಂತ ಯಾವನೋ ಶಾಣ್ಯಾ ಅದರ ಮ್ಯಾಲ ಆಟಗಾರರ ಚಿತ್ರಾ ಒತ್ತಿಬಿಟ್ಟ. ಆಮ್ಯಾಲ ಏನಾತು ಗೊತ್ತೇನ್ರಿ? ಮಂದಿ ಚಿತ್ರಾಕ್ಕಂತನ ಸೇದಾಕ ಹತ್ತಿದ್ರು. ಸಣ್ಣ ಹುಡುಗರು ಅಂಗಡಿ ಮುಂದ ನಿಂತು, ಸೇದವರಿಗೆ ಚಿತ್ರಾ ಕೊಡ್ರೀ ಅಂತ ಗಂಟ ಬೀಳತಿದ್ರಂತ! ಎಂಥಾ ವ್ಯಾಪಾರ ನೋಡ್ರಿ. ನಾನೂ ಬೀಡಿ ಕಟ್ಟಿನ್ಯಾಗ ಏನರ ಇಡಬೇಕಿತ್ತು…’

ಹೀಗೆ ನಮ್ಮ ರವಿವಾರಗಳು ಶುರುವಾದವು. ವಾರಕ್ಕೆ ಒಂದೇ ಚಿತ್ರ. ಎರಡನೆಯದಕ್ಕೆ ನಾನು ಕೈಹಾಕಿದರೆ, ‘ಅದು ಮುಂದಿನ ವಾರಕ್ರಿ’ ಎಂದು ಡಬ್ಬಿ ಮುಚ್ಚುತ್ತಿದ್ದರು. ಹಿಂಬದಿಯ ಸಣ್ಣ ಅಕ್ಷರಗಳನ್ನು ನಾನು ಕನ್ನಡಕ್ಕೆ ತರಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಒಬ್ಬನು ರೈತನ ಮಗ ಎಂದು ಬಂದಾಗ, ‘ಹಂಗಾರ ನಮ್ಮಾಂವನ ಅನ್ರಿ’ ಎಂದು ಖುಷಿಪಟ್ಟರು. ಇನ್ನೊಬ್ಬನು ಆ ವರ್ಷ ಎಲ್ಲರಿಗಿಂತ ಹೆಚ್ಚು ಕದ್ದ ಎಂದು ಬರೆದಿತ್ತು. ಅದು ಆಟದಲ್ಲಿ ಓಡುವ ಒಂದು ಬಗೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ನಾನು ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದೆ. ಕಾಕಾಗೆ ಎಲೆ ಗಂಟಲಿಗೆ ಸಿಕ್ಕಿತು.

‘ಅಲ್ರೀ, ಕಳ್ಳನ ಚಿತ್ರಾ ಛಾಪಿಸಿ ಊರತುಂಬ ಹಂಚ್ಯಾರಲ್ರೀ! ನಾಚಿಕಿ ಬ್ಯಾಡೇನ್ರಿ ಅವರಿಗೆ?’

ಆ ಕಳ್ಳನನ್ನು ಅವರು ಬಹಳ ದಿನ ಬೇರೆ ಅರಿವೆಯಲ್ಲಿ ಸುತ್ತಿಟ್ಟಿದ್ದರು. ಉಳಿದವರಿಗೆ ಚಟ ಹತ್ತಬಾರದಲ್ಲ! ನಾವು ನಗುವಾಗ ಸೊಸೆ ಒಳಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದಳು. ಕರೆದರೆ ಒಳಗೆ ಹೋಗುತ್ತಿದ್ದಳು.

ಡಬ್ಬಿಯ ತಳದಲ್ಲಿ ಒಂದು ಚಿತ್ರ ಬೇರೆಯಾಗಿಯೇ ಇತ್ತು. ದಾಂಡನ್ನು ಹೆಗಲ ಮೇಲಿಟ್ಟುಕೊಂಡು ದೂರ ನೋಡುತ್ತ ನಿಂತ ಒಬ್ಬ ವಯಸ್ಸಾದ ಆಟಗಾರ, ಹಿಂದೆ ಹಳದಿ ಆಕಾಶ. ಅದನ್ನು ಕಾಕಾ ಬೆನ್ನು ಅಂಗೈಗೆ ಬರುವಂತೆ ಹಿಡಿದು ಮುಖವನ್ನಷ್ಟೇ ತೋರಿಸಿದ್ದರು. ‘ಇದು ಕಡೀಗೆ ಓದೂಣು. ಈಗನ ಹಿಂದ ನೋಡಬ್ಯಾಡ್ರಿ.’

ಯಾಕೆ ಎಂದು ಕೇಳಿದೆ. ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು.

ಗಾರ್ಡ್ ಸಾಹೇಬನ ಕೊನೆಯ ಪಾಳಿಯಂತೆ ಅದು. ಮರುದಿನದಿಂದ ಅವನು ಬರುವವನಲ್ಲ ಎಂಬುದು ಇವರಿಗೆ ಗೊತ್ತಿರಲಿಲ್ಲ. ಗಾಡಿ ಹೊರಟಿತ್ತು. ಸಾಹೇಬ ಗಾಡಿಯ ಬಾಗಿಲಿನಿಂದ ಬಾಗಿ ಈ ಚಿತ್ರವನ್ನು ಚಾಚಿದ, ತಿರುಗಿಸಿದ, ಹಿಂಬದಿಯ ಒಂದು ಸಾಲಿನ ಮೇಲೆ ಬೆರಳಿನಿಂದ ಎರಡು ಸಲ ಬಡಿದು ತೋರಿಸಿ, ಇಂಗ್ಲಿಷಿನಲ್ಲಿ ಏನೋ ಹೇಳಿದ. ಎಂದೂ ಇವರೊಡನೆ ಇಂಗ್ಲಿಷು ಆಡದವನು ಅಂದು ಆಡಿದ. ಎಂಜಿನು ಕೂಗಿತು. ಇವರು ಗಾಡಿಯ ಜೊತೆಗೇ ಓಡುತ್ತ ‘ಹಾ ಸಾಹೇಬ, ಹಾ ಸಾಹೇಬ’ ಎಂದು ತಲೆಯಾಡಿಸಿದರು. ಸಾಹೇಬನ ಕಣ್ಣು ಒದ್ದೆಯಾಗಿತ್ತು. ಮುಂದೆ ಅವನು ಎಲ್ಲಿಗೆ ಹೋದ, ಇದ್ದಾನೋ ಇಲ್ಲವೋ, ಒಂದೂ ತಿಳಿಯಲಿಲ್ಲ…

‘ಸ್ಟೇಶನ್ ಮಾಸ್ತರರ ಕಡೆ ಓದಿಸಬಹುದಿತ್ತಲ್ಲ ಕಾಕಾ, ಇಷ್ಟು ವರ್ಷದಾಗ?’

‘ನಗತಾರಂತ ಅಂಜಕಿ ಇತ್ರಿ ಮೊದಲ. ಆಮ್ಯಾಲ… ಓದಿಸಿಬಿಟ್ರ ಮುಗೀತಲ್ರೀ. ಓದಿಸೋತನಕಾ ಸಾಹೇಬ್ರು ಇನ್ನೂ ಏನೋ ಹೇಳೂದೈತಿ ಅನ್ನಸತೈತಿ. ಈಗ ವಯಸ್ಸಾತು. ಕೇಳೇ ಹೋಗೂಣು ಅಂತ ಮಾಡೀನಿ.’

ಕದ್ದಾದರೂ ಒಮ್ಮೆ ತಿರುಗಿಸಿ ನೋಡಿಬಿಡಬೇಕಿತ್ತು ಎಂದು ಈಗ ಹಲ್ಲು ಕಡಿಯುತ್ತೇನೆ. ಅಂದು ಅವರ ಮಾತನ್ನು ಮೀರುವ ಮನಸ್ಸಾಗಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಉಳಿದೆಲ್ಲ ಚಿತ್ರಗಳೂ ಓದಿ ಮುಗಿದಿದ್ದವು. ಸೂಟಿಗೆ ನಾನು ಅಣ್ಣಿಗೇರಿಯ ತವರಿಗೆ ಹೊರಟೆ. ಕಾಕಾ ಬಸ್ಸಿನ ತನಕ ಬಂದರು. ‘ಹಬ್ಬಾ ಮುಗಿಸಿ ಲಗೂ ಬರ್ರಿ. ಬಂದ ರವಿವಾರ ಕಡೀದು ಓದೂಣು’ ಎಂದರು. ಮದುವೆ ಗೊತ್ತಾದವರ ಹಾಗೆ ಮುಖ ಅರಳಿತ್ತು. ನಾನು ಚಾಷ್ಟಿ ಮಾಡಿದೆ, ಅವರೂ ನಕ್ಕರು.

ಸೂಟಿ ಮುಗಿಸಿ ಬಂದು ಇನ್ನೂ ಖೋಲಿಯ ಕೀಲಿ ತೆಗೆದಿರಲಿಲ್ಲ, ಸೊಸೆ ಓಡಿ ಬಂದು ನನ್ನ ಕೈ ಹಿಡಿದಳು. ಆ ಮಾತಿಲ್ಲದ ಹುಡುಗಿ! ‘ಅಕ್ಕಾರ, ಬರ್ರಿ, ಮೊದಲ ಬರ್ರಿ, ಚೀಲಾ ಅಲ್ಲೇ ಇಡ್ರಿ’ ಎಂದು ದರದರ ಎಳೆದುಕೊಂಡೇ ಹೋದಳು.

ಅಂಗಡಿಗೆ ಹೊಸ ಸುಣ್ಣ ಬಳಿದಿದ್ದರು. ನಮ್ಮ ಕಡೆ ದೀಪಾವಳಿಗೆ ಅಂಗಡಿಪೂಜೆ ಎಂದರೆ ಗೋಡೆಯ ಮೇಲಿನ ಪಟಗಳನ್ನೆಲ್ಲ ಇಳಿಸಿ, ಒರೆಸಿ, ಹೊಸ ಕಟ್ಟು ಹಾಕಿಸಿ, ಕುಂಕುಮ ಹಚ್ಚಿ, ಹೂಮಾಲೆ ಏರಿಸುವುದು. ಬಸವಣ್ಣನ ಪಟದ ಬಾಜೂಕ್ಕೆ ಒಂದು ಹೊಸ ಪಟವಿತ್ತು. ಗಾಜಿನ ಒಳಗೆ, ಕಟ್ಟಿಗೆಯ ಹಲಗೆಯ ಮೇಲೆ, ಸಾಲುಸಾಲಾಗಿ ಕಾಕಾನ ಆಟಗಾರರು. ನಟ್ಟನಡುವೆ ಹಳದಿ ಆಕಾಶದ ಕೆಳಗೆ ದಾಂಡು ಹೊತ್ತ ಆ ಮುದುಕ. ಗಾಜಿನ ಮೇಲೆ ಒಬ್ಬೊಬ್ಬನ ಹಣೆಗೂ ಸರಿಯಾಗಿ ಕುಂಕುಮದ ಬೊಟ್ಟು, ಸುತ್ತ ಚೆಂಡುಹೂವಿನ ಮಾಲೆ. ಕಳ್ಳನಿಗೂ ಜಾಗ ಸಿಕ್ಕಿತ್ತು.

‘ಡಬ್ಬಿ ಜಂಗ ಹಿಡದಿತ್ರಿ. ಒಂದಕ್ಕ ಹುಳಾ ಹತ್ತಿತ್ತು. ಮಾವಾರಿಗೆ ಇವು ಅಂದ್ರ ಎಷ್ಟ ಜೀವ! ನೀವು ಓದೂದೂ ಮುಗದಿತ್ತು, ಇನ್ನ ಹೊಲಸ ಡಬ್ಬ್ಯಾಗ ಯಾಕಿರಬೇಕ್ರಿ? ಅವರು ಸಂತಿಗೆ ಹೋದಾಗ ನಾನ ಅಂಟ ಕುದಿಸೇನಿ, ಮೈಲುತುತ್ತ ಹಾಕೇನಿ. ಒಂದೊಂದೂ ಅಗದಿ ಗಟ್ಟಿ ಒತ್ತೇನ್ರಿ. ಸಂಶಿಗೆ ಹೋಗಿ ಗಾಜು ಹಾಕಿಸ್ಕೊಂಡ ಬಂದ್ವಿ. ಇನ್ನ ಹುಳಾನೂ ಮುಟ್ಟಂಗಿಲ್ಲ, ನೀರೂ ಮುಟ್ಟಂಗಿಲ್ಲ.’

ನನ್ನ ಬಾಯಿಂದ ‘ಅಯ್ಯೋ ದೇವರ, ಹಿಂದ…’ ಎಂದು ಹೊರಟೇಬಿಟ್ಟಿತು.

‘ಅಕ್ಕಾರ.’ ಪಟದ ಕೆಳಗೆ ಕೂತಿದ್ದ ಕಾಕಾ ಜೋರಾಗಿ ಕರೆದರು. ‘ಬಸ್ಸಿನ್ಯಾಗ ದಣದ ಬಂದೀರಿ. ಮೊದಲ ಚಾ ಕುಡೀರಿ.’ ನನ್ನನ್ನು ನೋಡಿದ ನೋಟದಲ್ಲಿ ಬೇಡಿಕೆ ಇತ್ತು. ಬಾಗಿಲಲ್ಲಿ ಮಗ ನಿಂತಿದ್ದ. ಅವನು ಸಂಶಯದಿಂದ, ‘ಯಾಕ್ರಿ, ಏನರ ಕೆಡಿಸ್ಯಾಳೇನು?’ ಎಂದ. ಸೊಸೆಯ ಮುಖದ ಮೇಲಿನ ನಗು ಅಲ್ಲೇ ನಿಂತುಹೋಯಿತು.

ಕಾಕಾ ಎದ್ದು ಅವಳ ತಲೆಯ ಮೇಲೆ ಕೈಯಿಟ್ಟರು. ‘ಕೆಡಸೂದೇನ ಬಂತೋ? ನನಗ ಐವತ್ತ ವರ್ಷ ತಿಳೀಲಾರದ್ದು ಈಕಿಗೆ ತಿಳೀತು. ಭಾಳ ಛಲೋ ಮಾಡಿದಿ ನನ್ನವ್ವಾ.’

ಅವಳು ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟಳು. ಕೂಸು ಹೋದ ಮೇಲೆ ಅವಳು ಮನೆಯವರ ಮುಂದೆ ಹಾಗೆ ಅತ್ತದ್ದು ಅದೇ ಮೊದಲಂತೆ.

ರವಿವಾರ ಬಂತು. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ನಾನು ತಡೆಯಲಾರದೆ ಹೇಳಿದೆ: ಹಬೆ ಹಿಡಿದು ನೋಡೋಣ, ಅಂಚು ಏಳಬಹುದು, ಒಂದನ್ನಷ್ಟೇ ಬಿಡಿಸೋಣ, ಆಕೆಗೆ ಗೊತ್ತೇ ಆಗುವುದಿಲ್ಲ.

‘ಬ್ಯಾಡ್ರಿ. ಗಾಜು ಬಿಚ್ಚಿದ್ರ ಆಕಿಗೆ ತಿಳೀತದ. ನನ್ನ ಮಗಾ ಸುಮ್ಮನಿರೂ ಪೈಕಿ ಅಲ್ಲ, ಹುಟ್ಟಿದ್ದ ಉಳಿಸ್ಲಿಲ್ಲ, ಇದ್ದದ್ದ ಕೆಡಿಸಿದಿ ಅಂತಾನ. ಅಂದೇ ಅಂತಾನ. ಆ ಮಾತ ಆಕಿ ಕೇಳಬಾರದ್ರಿ.’ ಪಟದ ಕಡೆ ತಿರುಗಿದರು. ‘ಸಾಹೇಬ್ರು ದೊಡ್ಡ ಮನಸಿನವ್ರು. ತಿಳಕೋತಾರ.’

ಅಷ್ಟು ಹೇಳಿದರು. ಎಲೆ ಕಟ್ಟಲು ಹೋದರು, ಸುಣ್ಣವೆಲ್ಲ ಧೋತರದ ಮೇಲೆ ಬಿತ್ತು. ನಾನು ಎದ್ದುಬಂದೆ. ಆಮೇಲಿನ ರವಿವಾರಗಳಲ್ಲಿ ಓದಲು ಏನೂ ಇರಲಿಲ್ಲ. ಸೊಸೆ ಮಾತ್ರ ಈಗ ಹೊರಗೆ ಬಂದು ನಮ್ಮ ಜೊತೆ ಕೂಡುತ್ತಿದ್ದಳು, ಮಾತಾಡುತ್ತಿದ್ದಳು. ಕಾಕಾ ಅವಳ ಮಾತನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಮುಂದೆ ನನಗೆ ಮಿಶ್ರಿಕೋಟಿಗೆ ವರ್ಗವಾಯಿತು. ಕಾಕಾ ಹೋದ ಸುದ್ದಿ ತಡವಾಗಿ ತಲುಪಿತು, ಮಣ್ಣಿಗೆ ಹೋಗಲೂ ಆಗಲಿಲ್ಲ.

ಈಗೆಲ್ಲ ಅಂಥ ಚಿತ್ರಗಳ ಎರಡೂ ಬದಿಯನ್ನು ಫೋನಿನಲ್ಲೇ ನೋಡಬಹುದಂತೆ. ಮೊಮ್ಮಗಳು ಉತ್ಸಾಹದಿಂದ ಕೂತಳು, ‘ಆಟಗಾರನ ಹೆಸರು ಹೇಳಜ್ಜಿ’ ಎಂದಳು. ಹೆಸರು ಹಿಂಬದಿಯಲ್ಲಿ ಇರುತ್ತಿತ್ತು. ಅವಳು ತೋರಿಸಿದ ಎಷ್ಟೋ ಮುಖಗಳಲ್ಲಿ ಆ ಮುದುಕ ಇರಲಿಲ್ಲ. ಕಣ್ಣು ನೋಯತೊಡಗಿದಾಗ ಸಾಕು ಎಂದೆ.

ಹೋದ ತಿಂಗಳು ಕಾಕಾನ ಸೊಸೆ ನನ್ನನ್ನು ನೋಡಲು ಬಂದಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಎರಡು ಹೆಣ್ಣು ಹೆತ್ತು, ಬೆಳೆಸಿ, ಮದುವೆ ಮಾಡಿಕೊಟ್ಟಿದ್ದಾಳೆ. ಊಟ ಮಾಡಿ, ಅದೂ ಇದೂ ಮಾತಾಡಿ, ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತಳು.

‘ಅಕ್ಕಾರ, ಒಂದು ಕೇಳತೇನಿ, ಖರೇ ಹೇಳ್ರಿ. ಕಡೀ ಕಡೀಗೆ ಮಾವಾರು ಆ ಪಟದ ಹಿಂದ ಅಂಗೈ ಇಟ್ಟು ನಿಂತಿರತಿದ್ರು. ಕೇಳಿದ್ರ ಏನಿಲ್ಲವ್ವಾ ಅಂತಿದ್ರು. ನಡುವಿನ ಆ ಮುದುಕನ ಚಿತ್ರದ ಹಿಂದ ಇಂಗ್ಲಿಷಿನ್ಯಾಗ ಬರದಿತ್ತಲ್ರಿ, ಅದರಾಗ ಏನರ ಇತ್ತೇನ್ರಿ? ನಾ ಏನರ ಮುಚ್ಚಿಬಿಟ್ನೇನ್ರಿ?’

‘ಏನೂ ಇರಲಿಲ್ಲ’ ಎಂದೆ. ‘ಬರೇ ಸಿಗರೇಟಿನ ಜಾಹೀರಾತು.’

‘ಖರೇನ?’

‘ನಿಮ್ಮ ಮಾವಾರ ಆಣಿ.’

ಅವಳು ಉಸಿರು ಬಿಟ್ಟಳು. ‘ಇಷ್ಟ ವರ್ಷ ಎದ್ಯಾಗ ಕಲ್ಲ ಇಟ್ಕೊಂಡಂಗ ಆಗಿತ್ರಿ’ ಎಂದು ನಕ್ಕು, ನನ್ನ ಕಾಲು ಮುಟ್ಟಿ, ಚೀಲ ಎತ್ತಿಕೊಂಡು ಹಗುರಾಗಿ ಹೊರಟಳು. ಅವಳು ಓಣಿ ತಿರುಗುವತನಕ ನಾನೂ ನಗುತ್ತ ಕೈ ಮಾಡುತ್ತಲೇ ಇದ್ದೆ. ಆಮೇಲೆ ಒಳಗೆ ಬಂದು ಕೂತೆ. ಹೊರಟ ಗಾಡಿಯಿಂದ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಏನೋ ಹೇಳಿದ್ದ. ಅದೇನೆಂದು ತಿಳಿಯದೆಯೇ ಕಾಕಾ ಹೋದರು. ಅಂಥದೊಂದು ಮಾತಿತ್ತು ಎಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೆ, ನಾನೂ ಇಲ್ಲ ಎಂದುಬಿಟ್ಟೆ.