ಏಳನೇ ಪ್ರಶ್ನೆಯ ಉತ್ತರ

ನನಗೆ ಕಲ್ಪಿಸಿ ಬರೆಯಲು ಬರುವುದಿಲ್ಲ. ದಿನ, ವೇಳೆ, ಎಷ್ಟು ಸಲ... ಇಷ್ಟನ್ನೇ ಡೈರಿಯಲ್ಲಿ ಬರೆದಿಡುತ್ತೇನೆ. ಆ ಮಂಗಳವಾರ ರಾತ್ರಿಯನ್ನೂ ಹಾಗೆಯೇ ಬರೆದಿಟ್ಟೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ನನ್ನ ಅಕ್ಕ ಸುಮಾ ನವನಗರದ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಮೂರು ವರ್ಷಗಳ ಹಿಂದೆ ಖಿನ್ನತೆ ಹಿಡಿಯಿತು. ಶಾಲೆ ಬಿಟ್ಟಳು, ನಗು ಬಿಟ್ಟಳು. ಈಗ ಎರಡೂ ಕಿಡ್ನಿ ಕೆಟ್ಟಿದ್ದವು. ಡಯಾಲಿಸಿಸ್ ಮಾಡಿಸದಿದ್ದರೆ ಹೆಚ್ಚು ದಿನ ಇಲ್ಲ ಎಂದಿದ್ದರು ಹುಬ್ಬಳ್ಳಿಯ ಆಸ್ಪತ್ರೆಯವರು. ಅಕ್ಕ ಎರಡು ದಿನದಲ್ಲಿ ಹನ್ನೊಂದು ಸಲ ‘ಬ್ಯಾಡ’ ಅಂದಳು.

ಅವಳು ತನ್ನ ಚಿಕಿತ್ಸೆಯನ್ನು ತಾನೇ ನಿರ್ಧರಿಸಬಲ್ಲಳೇ ಎಂದು ನೋಡಲು ಮನೋವೈದ್ಯರು ಬರುವವರಿದ್ದರು. ನಾನು ಅದನ್ನು ಪರೀಕ್ಷೆ ಎಂದುಕೊಂಡೆ. ಫೇಲಾದರೆ ಚಿಕಿತ್ಸೆಯೇ ಸಿಗುವುದಿಲ್ಲವೆಂದು ಹೆದರಿ, ಏಳು ಪ್ರಶ್ನೆ ಬರೆದು ಬಾಯಿಪಾಠ ಮಾಡಿಸಿದೆ. ರೋಗ ಯಾವುದು, ಚಿಕಿತ್ಸೆ ಹೇಗೆ, ಮಾಡಿಸದಿದ್ದರೆ ಏನಾಗುತ್ತದೆ... ಏಳನೆಯದು, ‘ನಿನಗ ಏನ ಬೇಕು?’ ಅದಕ್ಕೆ ನಾನು ಕಲಿಸಿದ ಉತ್ತರ, ‘ಡಯಾಲಿಸಿಸ್ ಬೇಕು.’

ಭಾನುವಾರ ಏಳಕ್ಕೆ ನಾಲ್ಕು ಸರಿ. ಸೋಮವಾರ ಏಳಕ್ಕೆ ಏಳು.

“ನನಗಿಂತ ನೀನ ಛಲೋ ಕಲಸ್ತಿ ಬಿಡು, ವಿದ್ಯಾ,” ಅಂದಳು ಅಕ್ಕ.

ಮಂಗಳವಾರ ಬೆಳಿಗ್ಗೆ ಮನೋವೈದ್ಯರು ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರಿಸಿದಳು. ಕೊನೆಗೆ ಮೆಲ್ಲಗೆ, “ಎಲ್ಲಾ ತಿಳದೈತ್ರಿ ಸರ್. ನನಗ ಬ್ಯಾಡ,” ಅಂದಳು.

ಅವರು ಅಪ್ಪನನ್ನೂ ನನ್ನನ್ನೂ ಹೊರಗೆ ಕರೆದರು. “ಖಿನ್ನತಿ ಐತಿ ಅಂತ ಆಕಿ ಮಾತು ತಗದಹಾಕಾಕ ಬರೂದಿಲ್ರಿ. ತಿಳಿಲಾರದ ಸ್ಥಿತಿಯೊಳಗ ಇದ್ದಿದ್ರ ಆಕಿ ಬದ್ಲಿ ನೀವು ಚಿಕಿತ್ಸೆಗೆ ಸಹಿ ಮಾಡಬಹುದಿತ್ತು. ಆಕಿಗೆ ಪೂರಾ ತಿಳದೈತಿ. ನಾಳಿ ಮತ್ತೊಮ್ಮಿ ಕೇಳ್ತೇನಿ.”

ಬಾಯಿಪಾಠ ಮಾಡಿಸಿದವಳು ನಾನು. ಅಪ್ಪನ ಮುಖ ನೋಡಲಿಲ್ಲ.

ಆ ರಾತ್ರಿ ಅಕ್ಕನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದೆ. ನಾಲ್ಕು ದಿನದಿಂದ ಅವಳ ಉಸಿರಿಗೆ ಮೂತ್ರದ ಘಾಟಿನಂಥ ವಾಸನೆಯಿತ್ತು. 2.40ಕ್ಕೆ ಎಚ್ಚರಾಯಿತು... ಆ ವಾಸನೆ ಇರಲಿಲ್ಲ. ಬದಲಿಗೆ ಸೀಮೆಸುಣ್ಣದ ಪುಡಿಯ ವಾಸನೆ.

ಮೇಲೆ ಯಾರೋ ಪ್ರಶ್ನೆ ಕೇಳುತ್ತಿದ್ದರು. “ರೋಗ ಯಾವುದು?”

ಅದು ನನ್ನ ಧ್ವನಿ.

ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡೆ. ಬಾಯಿ ಮುಚ್ಚಿತ್ತು. ಒಂದು, ಎರಡು, ಮೂರು... ನನ್ನ ಧ್ವನಿ ಕೇಳುತ್ತಲೇ ಹೋಯಿತು. ಅಕ್ಕ ಉತ್ತರಿಸುತ್ತಿದ್ದಳು, ಮೂರು ವರ್ಷಗಳ ಹಿಂದಿನ ಆ ತುಂಬು ಧ್ವನಿಯಲ್ಲಿ.

“ನಿನಗ ಏನ ಬೇಕು?”

“ಬದಕಬೇಕು. ಹಗಲಿನ್ಯಾಗ ‘ಬ್ಯಾಡ’ ಅನ್ನಾಕಿ ನನಗ ಬಾಯಿ ತೆರಿಯಾಕ ಬಿಡೂದಿಲ್ಲ. ವಿದ್ಯಾ, ಲಗೂ ಮಾಡಸ್ರಿ...”

ಇದನ್ನು ನಾನು ಕಲಿಸಿರಲಿಲ್ಲ.

ಎದ್ದು ದೀಪ ಹಾಕಿದೆ. ಅಕ್ಕ ಗೋಡೆಯತ್ತ ಮುಖ ಮಾಡಿ ನಿದ್ದೆಯಲ್ಲಿದ್ದಳು. ತುಟಿಗಳು ಒಣಗಿ ಒಂದಕ್ಕೊಂದು ಅಂಟಿದ್ದವು.

ನರ್ಸ್ ಬಾಗಿಲಿಗೆ ಬಂದಳು. “ಅಕ್ಕ-ತಂಗಿ ಮುಂಜಾನೆ ಮಾತಾಡ್ರೆವಾ. ಬಾಜೂ ಖೋಲಿಯವ್ರು ಎದ್ದಾರ.”

ಬೆಳಿಗ್ಗೆ ಮನೋವೈದ್ಯರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಅಕ್ಕನ ಪಕ್ಕ ಕುಳಿತು ನಿಧಾನವಾಗಿ ಕೇಳಿದರು. ಅಕ್ಕ ನನ್ನತ್ತ ತಿರುಗಿದಳು.

“ನಾ ಅಂದಿಲ್ಲ, ವಿದ್ಯಾ. ಯಾಕ ತ್ರಾಸ ಕೊಡ್ತಿ? ಮನಿಗೆ ಕರಕೊಂಡ ಹೋಗ.”

“ಎಚ್ಚರಿದ್ದಾಗ ಅಂದಿದ್ದನ್ನಷ್ಟ ನಾ ಬರಕೊಬೇಕ್ರಿ,” ಅಂದರು ಅವರು. ಕಾಗದದ ಮೇಲೆ ‘ಬ್ಯಾಡ’ ಎಂದೇ ಬರೆದರು.

ಮನೆಯಲ್ಲಿ ಅಕ್ಕ ಒಂಬತ್ತು ರಾತ್ರಿ ಇದ್ದಳು. ಒಂಬತ್ತೂ ರಾತ್ರಿ ನಾನು ಎಚ್ಚರವಿದ್ದೆ. ಮೊದಲ ಆರು ರಾತ್ರಿ 2.40ಕ್ಕೆ ನನ್ನ ಧ್ವನಿ ಕೇಳಿತು. ಉತ್ತರ ಬರಲಿಲ್ಲ. ಉಳಿದ ಮೂರು ರಾತ್ರಿ ಪ್ರಶ್ನೆಯೂ ಇಲ್ಲ.

ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಅಪ್ಪ ನನ್ನೆದುರು ಕುಳಿತರು.

“ಆ ರಾತ್ರಿ ಆಕಿ ಖರೇನ ಬೇಕು ಅಂದ್ಲೇನವಾ?”

ನಾನು ಡೈರಿ ಮುಚ್ಚಿಟ್ಟೆ.

“ಇಲ್ಲಪ್ಪಾ. ನನಗ ಕನಸ ಬಿದ್ದಿತ್ತು.”

ಅಪ್ಪ ಎಷ್ಟೋ ದಿನಗಳ ಮೇಲೆ ದೀರ್ಘವಾಗಿ ಉಸಿರು ಬಿಟ್ಟರು. ಆ ರಾತ್ರಿ ಅವರಿಗೆ ನಿದ್ದೆ ಬಂತು...