ಎಳೆಯುವ ಲಾರಿಗೆ ಒಂದು ಟರ್ಬೊ

ಕೆಟ್ಟು ನಿಂತ ಲಾರಿಗೆ ಚೈನು ಸುತ್ತಿ, ಕೊಕ್ಕೆ ಸಿಕ್ಕಿಸಿ, ಪಕ್ಕಕ್ಕೆ ಸರಿದು ಕೈಯೆತ್ತುವುದು ನನ್ನ ಕೆಲಸವಾಗಿತ್ತು. ನನ್ನ ಕೈ ಮೇಲೆ ಹೋದರೆ ಮಾತ್ರ ನಮ್ಮ ಯಜಮಾನರು ಕ್ಲಚ್ಚು ಬಿಡುತ್ತಿದ್ದರು. ಎಂಬತ್ತರ ದಶಕದ ಶುರುವಿನ ಮಾತು. ಯಲಹಂಕದಿಂದ ದೇವನಹಳ್ಳಿವರೆಗೆ ಯಾವ ಗಾಡಿ ಕೆಟ್ಟು ನಿಂತರೂ ದೊಡ್ಡಬಳ್ಳಾಪುರದ ರಸ್ತೆಯಲ್ಲಿದ್ದ ನಮ್ಮ ಶೆಡ್ಡಿಗೆ ಯಾರಾದರೂ ಸೈಕಲ್ಲಿನಲ್ಲಿ ಬಂದು ಹೇಳುತ್ತಿದ್ದರು. ನಾವಿಬ್ಬರೂ ಲಾರಿ ಹತ್ತಿ ಹೊರಡುತ್ತಿದ್ದೆವು.

ಮದುವೆಯಾಗಿ ಅಲ್ಲಾಳಸಂದ್ರಕ್ಕೆ ಬಂದಾಗ ನಾನು ಇಂಥ ಕೆಲಸ ಮಾಡುತ್ತೇನೆಂದು ಯಾರೂ ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ. ಕೊಕ್ಕೆ ಹಾಕುತ್ತಿದ್ದ ಆಳು ಒಂದು ದಿನ ಹೇಳದೆ ಬಿಟ್ಟುಹೋದ. ಬೇರೆ ಆಳು ಸಿಗುವವರೆಗೆ ನಾಲ್ಕು ದಿನ ಬರುತ್ತೇನೆ ಎಂದು ಸೀರೆಯ ಮೇಲೆ ಯಜಮಾನರ ಖಾಕಿ ಅಂಗಿ ಹಾಕಿಕೊಂಡು ಹತ್ತಿದವಳು, ಆಮೇಲೆ ಇಳಿಯಲೇ ಇಲ್ಲ. ರಸ್ತೆಯಲ್ಲಿ ಜನ ನಿಂತು ನೋಡುತ್ತಿದ್ದರು. ಕೆಲವರು ನಗುತ್ತಿದ್ದರು. ಚೈನು ಬಿಗಿಯಾಗಿ ಅವರ ಗಾಡಿ ಹಳ್ಳದಿಂದ ಮೇಲೆ ಬಂದಾಗ ನಗು ನಿಲ್ಲುತ್ತಿತ್ತು.

ನಮ್ಮದು ಮಿಲಿಟರಿಯವರು ಹರಾಜು ಹಾಕಿದ ಹಳೇ ಲಾರಿ. ಹಿಂದೆ ಗಾಡಿ ಎತ್ತುವ ಕಬ್ಬಿಣದ ತೋಳಿತ್ತು. ಅದರ ಹುಟ್ಟು ಇಂಜಿನ್ನು ಯಾವತ್ತೋ ಸತ್ತು, ನಮಗಿಂತ ಹಿಂದಿನ ಮಾಲೀಕರು ಜನರೇಟರಿನಿಂದ ಬಿಚ್ಚಿದ ಡೀಸೆಲ್ ಇಂಜಿನ್ನನ್ನು ಅದರೊಳಗೆ ಕೂರಿಸಿದ್ದರು. ಆ ಇಂಜಿನ್ನಿನ ಮಗ್ಗುಲಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸಾಮಾನು ಅಂಟಿಕೊಂಡಿತ್ತು. ಅದಕ್ಕೆ ಟರ್ಬೊ ಅನ್ನುತ್ತಾರೆ ಎಂದಷ್ಟೇ ಗೊತ್ತಿತ್ತು. ಅದು ಏನು ಮಾಡುತ್ತದೆಂದು ನಾವು ಕೇಳಿರಲೂ ಇಲ್ಲ.

ಕೇಳುವ ಹಾಗೆ ಮಾಡಿದ್ದು ಬೆಟ್ಟಹಲಸೂರಿನ ಕಲ್ಲು ಕ್ವಾರಿ.

ಅಲ್ಲಿ ಆಳವಾದ ಗುಂಡಿಯೊಳಕ್ಕೆ ಇಳಿಯಲು ಒಂದೇ ದಾರಿ. ಒಂದು ಬೆಳಿಗ್ಗೆ ಕಲ್ಲು ತುಂಬಿದ ಟಿಪ್ಪರ್ ಆ ಏರಿನ ನಡುವೆ ಗೇರು ಮುರಿದು ನಿಂತುಬಿಟ್ಟಿತು. ಅದೇ ಹೊತ್ತಿಗೆ ಗುಂಡಿಯ ತಳದಲ್ಲಿ ಒಬ್ಬ ಕೆಲಸಗಾರನ ಕಾಲ ಮೇಲೆ ಬಂಡೆ ಜಾರಿತ್ತು. ಆಸ್ಪತ್ರೆಗೆ ಒಯ್ಯಬೇಕಾದ ಜೀಪು ಕೆಳಗೇ ಇತ್ತು. ಮೇಲೆ ಬರಲು ಜಾಗವಿಲ್ಲ.

ನಾವು ಹೋದೆವು. ನಾನು ಕೊಕ್ಕೆ ಹಾಕಿ ಕೈಯೆತ್ತಿದೆ. ಲಾರಿ ಹತ್ತು ಮಾರು ಎಳೆಯಿತು. ಏರು ಕಡಿದಾದ ಕಡೆ ಇಂಜಿನ್ನಿನ ಸದ್ದು ಇಳಿಯಿತು, ಕಪ್ಪು ಹೊಗೆ ದಟ್ಟವಾಗಿ ಎದ್ದಿತು, ಚಕ್ರ ನಿಂತಿತು. ಮರುಕ್ಷಣ ಟಿಪ್ಪರಿನ ಭಾರ ನಮ್ಮ ಲಾರಿಯನ್ನು ಹಿಂದಕ್ಕೆ ಎಳೆಯತೊಡಗಿತು. ಬ್ರೇಕು ಒತ್ತಿ ಹಿಡಿದಿದ್ದ ಯಜಮಾನರ ಮುಖ ಕಿಟಕಿಯಲ್ಲಿ ಕಾಣುತ್ತಿತ್ತು. ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡನ್ನು ನಾನು ಒಂದು ಚಕ್ರದ ಕೆಳಗೆ ತುರುಕಿದೆ. ಅದು ಸೀಳಿತು. ಪಕ್ಕದಲ್ಲಿದ್ದ ಕಲ್ಲನ್ನು ಉರುಳಿಸಿದೆ. ಲಾರಿ ನಿಂತಿತು. ನನ್ನ ಎಡಗೈಯ ಎರಡು ಉಗುರು ಹೋದವು.

ಕೊನೆಗೆ ಆರು ಜನ ಆ ಕೆಲಸಗಾರನನ್ನು ಹಲಗೆಯ ಮೇಲೆ ಮಲಗಿಸಿ, ಟಿಪ್ಪರಿನ ಪಕ್ಕದ ಸಂದಿಯಲ್ಲಿ ತೂರಿ ಹೊತ್ತು ತಂದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ತಡವಾಯಿತು ಎಂದರಂತೆ ಡಾಕ್ಟರು. ಹಲಗೆಯ ಹಿಂದೆ ಓಡುತ್ತಿದ್ದ ಅವನ ಹೆಂಡತಿ ನನ್ನೆದುರು ಒಂದು ಗಳಿಗೆ ನಿಂತಳು.

"ನಿಮ್ ಗಾಡಿ ಬಂದ್ರೂ ಒಂದೇ, ಬರ್ದಿದ್ರೂ ಒಂದೇ ಆಯ್ತಲ್ಲಕ್ಕ," ಎಂದಳು. ಬೈಗುಳದ ದನಿಯಲ್ಲ. ಕಂಡದ್ದನ್ನು ಹೇಳಿದ ಹಾಗೆ ಹೇಳಿ ಓಡಿದಳು.

ಮನೆಗೆ ಬಂದು ಯಜಮಾನರು ಊಟ ಮಾಡಲಿಲ್ಲ. "ಇನ್ಮೇಲೆ ಕ್ವಾರಿ ಕೆಲಸ ಬ್ಯಾಡ ಕಣೆ. ಟಾರು ರೋಡಲ್ಲಿ ಎಳ್ಕಂಡಿರಾನ," ಎಂದರು.

"ಏರಲ್ಲಿ ಎಳೀದೆ ಇರೋ ಲಾರಿ ಎಳ್ಯೋ ಲಾರೀನೇ ಅಲ್ಲ," ಎಂದೆ ನಾನು. "ಯಾಕೆ ಉಸಿರು ಬಿಡ್ತು ಅಂತ ತಿಳ್ಕೋಬೇಕು. ನಾಳೆ ಯಶವಂತಪುರಕ್ಕೆ ಹೋಗಾಣ."

ಯಶವಂತಪುರದಲ್ಲಿ ಒಬ್ಬ ವಯಸ್ಸಾದ ಡೀಸೆಲ್ ಮೇಸ್ತ್ರಿ ಇದ್ದರು. ಮಾರ್ಕೆಟ್ ಯಾರ್ಡಿನ ಹಿಂದಿನ ಗಲ್ಲಿಯಲ್ಲಿ ಅವರ ಶೆಡ್ಡು. ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರು ಟರ್ಬೊಗೆ ಬರುವ ಗಾಳಿಯ ಕೊಳವೆ ಬಿಚ್ಚಿ, ಒಳಗಿನ ಸಣ್ಣ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಅದು ಸಡಿಲ ಹಲ್ಲಿನ ಹಾಗೆ ಆಡಿತು.

"ನೋಡಿ ಬೇಟಿ. ಇದರ ಕಥೆ ಮುಗೀತು," ಎಂದರು. "ಹೊಸದಿದ್ದಾಗ್ಲೂ ಇದು ನಿಮ್ಮ ಕೆಲಸಕ್ಕೆ ಸರಿ ಇರಲಿಲ್ಲ."

"ಯಾಕೆ ಚಾಚಾ?"

ಅವರು ಒಂದು ಸ್ಟೂಲು ಎಳೆದು ನನ್ನನ್ನು ಕೂರಿಸಿ ವಿವರಿಸಿದರು. ಸೈಲೆನ್ಸರಿಗೆ ಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಸೇರಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಇಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಿದ್ದರೆ ಡೀಸೆಲ್ ಪೂರ್ತಿ ಉರಿದು ಶಕ್ತಿಯಾಗುತ್ತದೆ. ಗಾಳಿ ಸಾಲದಿದ್ದರೆ ಕಪ್ಪು ಹೊಗೆ. ಜನರೇಟರು ಹಗಲೆಲ್ಲ ಒಂದೇ ವೇಗದಲ್ಲಿ ಓಡುವ ಯಂತ್ರ, ಅದರ ಟರ್ಬೊ ಆ ವೇಗಕ್ಕೆ ಹೊಂದಿಸಿದ್ದು. ಏರಿನಲ್ಲಿ ಇಂಜಿನ್ನು ನಿಧಾನವಾದ ಕೂಡಲೇ ಚಕ್ರ ತಿರುಗಿಸುವ ಹೊಗೆಯ ರಭಸ ಕಡಿಮೆ, ರಭಸ ಕಡಿಮೆಯಾದರೆ ಗಾಳಿ ಕಡಿಮೆ.

"ಎಲ್ಲಿ ದಮ್ ಬೇಕೋ ಅಲ್ಲೇ ದಮ್ ಇಲ್ಲ," ಎಂದರು ಚಾಚಾ.

ನನಗೆ ಆ ಗುಂಡಿಯ ಏರು ಕಣ್ಣಿಗೆ ಕಟ್ಟಿದಂತೆ ಕಂಡಿತು. ಹಿಂದಿನ ದಿನದಿಂದ ನನ್ನನ್ನು ಸುಡುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಇನ್ನು ಸರಿಯಾದ ಟರ್ಬೊ ಹುಡುಕಬೇಕಿತ್ತು.

ಹುಡುಕುವುದಕ್ಕೆ ನನ್ನ ಮೈದುನ ತಾನಾಗಿ ಮುಂದೆ ಬಂದ. ಅವನೂ ಲಾರಿ ಡ್ರೈವರು, ಧೈರ್ಯಸ್ಥ, ಮಾತು ಜೋರು. ಮೂರೇ ದಿನದಲ್ಲಿ ಗುಜರಿ ಅಂಗಡಿಯಿಂದ ಒಂದು ಭಾರೀ ಟರ್ಬೊವನ್ನು ಚಾಚಾರ ಶೆಡ್ಡಿಗೆ ಹೊತ್ತು ತಂದ. ಗಣಿಯ ದೊಡ್ಡ ಡಂಪರಿನಿಂದ ಬಿಚ್ಚಿದ್ದು. ನಮ್ಮ ಹಂಡೆಯಷ್ಟು ದಪ್ಪ ಇತ್ತು.

"ಅತ್ಗೆ, ಇದ್ನ ಹಾಕಿ. ಬೆಟ್ಟಾನೇ ಎಳ್ಕೊಂಡ್ ಬರುತ್ತೆ," ಎಂದ.

"ಇದು ಎಷ್ಟು ವೇಗಕ್ಕೆ ಗಾಳಿ ಊದೋಕೆ ಶುರು ಮಾಡುತ್ತೆ?" ಎಂದು ಕೇಳಿದೆ.

"ಅದೆಲ್ಲ ಯಾರ್ ಕೇಳ್ತಾರೆ ಅತ್ಗೆ? ದೊಡ್ಡದು ಅಂದ್ರೆ ದೊಡ್ಡ ಉಸಿರು."

ಯಜಮಾನರಿಗೂ ಅದೇ ಹಿಡಿಸಿತ್ತು. ಗಂಡಸರಿಬ್ಬರೂ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಚಾಚಾ ಮಾತ್ರ ಶೆಡ್ಡಿನ ಮೂಲೆಯಿಂದ ಇನ್ನೊಂದನ್ನು ತಂದಿಟ್ಟರು. ಕಲ್ಲು ತುಂಬುವ ಲೋಡರಿನದು. ನಮ್ಮ ಹಳೆಯದರಷ್ಟೇ ಗಾತ್ರ. ಆದರೆ ಹೊಗೆ ಒಳಬರುವ ದಾರಿ ಕಿರಿದಾಗಿತ್ತು, ಗಾಳಿ ತಳ್ಳುವ ಚಕ್ರ ಸ್ವಲ್ಪ ಅಗಲವಾಗಿತ್ತು. ಮೈದುನ ನಕ್ಕ. "ಇದೇನ್ ಚಾಚಾ, ಹಳೇದರ ತಮ್ಮನಾ?"

ನಾನು ಎರಡನ್ನೂ ನೋಡಿದೆ. ನೀರು ಬಿಡುವ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ಜೋರಾಗಿ ಚಿಮ್ಮುವುದು ನೆನಪಾಯಿತು. ದಾರಿ ಕಿರಿದಾದರೆ ಕಡಿಮೆ ಹೊಗೆಯೂ ರಭಸದಿಂದ ಬಂದು ಚಕ್ರ ಬೇಗ ತಿರುಗಬೇಕಲ್ಲ? ಕೇಳಿದೆ. ಚಾಚಾ ತಲೆಯಾಡಿಸಿದರು. "ಸಹೀ ಬಾತ್. ಆದ್ರೆ ಸೀದಾ ರೋಡಲ್ಲಿ ಜೋರಾಗಿ ಓಡಿಸಿದ್ರೆ ಇದು ಉಸಿರು ಕಟ್ಟುತ್ತೆ. ಗಾಡಿ ನಿಧಾನ ಆಗುತ್ತೆ. ಯಾವುದು ಬೇಕು ಅಂತ ನೀವೇ ಹೇಳ್ಬೇಕು."

"ನಮ್ಗೆ ಓಟ ಬೇಡ. ಎಳೆತ ಬೇಕು," ಎಂದೆ.

"ಅತ್ಗೆ, ಗಾಡಿ ಓಡಿಸೋರು ನಾವು," ಎಂದ ಮೈದುನ. ಯಜಮಾನರ ಕೈ ದೊಡ್ಡದರ ಮೇಲೇ ಇತ್ತು.

ಆ ಮಾತು ನನಗೆ ಚುಚ್ಚಿತು. ಆದರೆ ಜಗಳಕ್ಕೆ ನಿಂತರೆ ದೊಡ್ಡದೇ ಗೆಲ್ಲುತ್ತದೆಂದು ಗೊತ್ತಿತ್ತು. "ಎರಡೂ ಹಾಕಿ ನೋಡಾಣ. ಅದೇ ಏರು, ಅಷ್ಟೇ ಭಾರ. ಯಾವುದು ಎಳೆಯುತ್ತೋ ಅದು ಇರ್ಲಿ," ಎಂದೆ. ಇದಕ್ಕೆ ಯಾರೂ ಇಲ್ಲ ಅನ್ನುವ ಹಾಗಿರಲಿಲ್ಲ.

ಚಾಚಾ ಎರಡನ್ನೂ ನಮ್ಮ ಇಂಜಿನ್ನಿಗೆ ಕೂರಿಸಲು ಹೊಂದುವಂತೆ ಕಬ್ಬಿಣದ ತಟ್ಟೆ ಕೊರೆಸಿದರು. ನನ್ನ ಒತ್ತಾಯಕ್ಕೆ ಇನ್ನೊಂದು ಕೆಲಸವನ್ನೂ ಮಾಡಿದರು. ಗಾಳಿಯ ಕೊಳವೆಗೆ ತೂತು ಹಾಕಿ, ಅಲ್ಲಿಂದ ಸಣ್ಣ ರಬ್ಬರ್ ಪೈಪನ್ನು ಡ್ರೈವರ್ ಸೀಟಿನ ಮುಂದಕ್ಕೆ ತಂದು, ಹಳೇ ಗಾಡಿಯ ಆಯಿಲ್ ಒತ್ತಡ ತೋರಿಸುವ ಮೀಟರೊಂದನ್ನು ಅದಕ್ಕೆ ಜೋಡಿಸಿದರು. ಟರ್ಬೊ ಗಾಳಿ ಊದಿದಷ್ಟೂ ಮುಳ್ಳು ಏರುತ್ತದೆ. ಬಾಯಿಮಾತಿಗಿಂತ ಮುಳ್ಳಿನ ಮಾತು ನಂಬಬಹುದು ಎನಿಸಿತ್ತು ನನಗೆ.

ಕ್ವಾರಿಗೆ ರಜೆಯಿದ್ದ ದಿನ ಮಾಲೀಕರನ್ನು ಕೇಳಿ, ಕಲ್ಲು ತುಂಬಿದ ಒಂದು ಟಿಪ್ಪರನ್ನು ಏರಿನ ಬುಡದಲ್ಲಿ ನಿಲ್ಲಿಸಿಕೊಂಡೆವು. ಅದರ ಡ್ರೈವರು ಬೇಕಾದ ಕೂಡಲೇ ಒತ್ತಲು ಬ್ರೇಕಿನ ಮೇಲೆ ಕಾಲಿಟ್ಟೇ ಕೂತಿದ್ದ. ಈ ಸಲ ನಾನು ನಮ್ಮ ಲಾರಿಯ ಎರಡೂ ಕಡೆಯ ಹಿಂಚಕ್ರಗಳ ಹಿಂದೆ ದಪ್ಪ ಹುಣಸೆಯ ದಿಮ್ಮಿಗಳನ್ನು ಹಗ್ಗಕ್ಕೆ ಕಟ್ಟಿ ಇಟ್ಟಿದ್ದೆ. ಲಾರಿ ಮುಂದೆ ಹೋದ ಹಾಗೆ ಅವೂ ಹಿಂದೆ ಎಳೆದುಕೊಂಡು ಬರುತ್ತಿದ್ದವು.

ಮೊದಲು ದೊಡ್ಡದು. ಮೈದುನನೇ ಸ್ಟೀರಿಂಗ್ ಹಿಡಿದ. ಯಜಮಾನರು ಪಕ್ಕದಲ್ಲಿ ಮುಳ್ಳು ನೋಡುತ್ತ ಕೂತರು. ಲಾರಿ ಅಷ್ಟು ದೂರ ಎಳೆದು, ಅಂದು ಉಸಿರುಬಿಟ್ಟ ಜಾಗಕ್ಕಿಂತ ಕೆಳಗೇ ತಡವರಿಸಿತು. ಹೊಗೆಯೋ ಹೊಗೆ.

"ಇರಿ, ಇರಿ, ಈಗ್ ಬರುತ್ತೆ ನೋಡಿ," ಎಂದು ಮೈದುನ ಕೂಗುತ್ತಿದ್ದ. ಕ್ಲಚ್ಚನ್ನು ಅರ್ಧ ಒತ್ತಿ ಇಂಜಿನ್ನನ್ನು ಗರ್ರೆನಿಸಿದ. ಆಗ ಮುಳ್ಳು ಒಮ್ಮೆಗೇ ಎಗರಿತು. ಲಾರಿ ಜಗ್ಗಿತು. ಸಡಿಲವಾಗಿದ್ದ ಚೈನು ಪಟ್ಟನೆ ಬಿಗಿದು ಒಂದು ಕೊಂಡಿ ಬಾಯ್ಬಿಟ್ಟಿತು, ಇಂಜಿನ್ನು ನಿಂತೇಹೋಯಿತು. ಲಾರಿ ದಿಮ್ಮಿಗಳಿಗೆ ಒರಗಿತು. ಟಿಪ್ಪರು ಬ್ರೇಕಿನ ಮೇಲೆ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ.

ಮೈದುನ ಇಳಿದು ಬಂದು ಕೊಂಡಿ ನೋಡಿದ. ಆಮೇಲೆ, "ಅತ್ಗೆ, ನೀವು ಈ ಪಕ್ಕ ನಿಂತಿದ್ರಾ?" ಎಂದು ಮೆಲ್ಲಗೆ ಕೇಳಿದ.

"ನಾನು ಯಾವಾಗ್ಲೂ ಅಲ್ಲೇ ನಿಲ್ಲೋದು," ಎಂದೆ.

ಅವನೇ ಸ್ಪ್ಯಾನರ್ ಹಿಡಿದು ದೊಡ್ಡದನ್ನು ಬಿಚ್ಚಿದ.

ಎರಡು ದಿನ ಬಿಟ್ಟು, ಹೊಸ ಚೈನು ತಂದು, ಲೋಡರಿನ ಟರ್ಬೊ ಹಾಕಿಕೊಂಡು ಅದೇ ಜಾಗಕ್ಕೆ ಹೋದೆವು. ಈ ಬಾರಿ ಯಜಮಾನರು ಓಡಿಸಿದರು. ಎತ್ತಿನ ಗಾಡಿಯಷ್ಟು ನಿಧಾನಕ್ಕೆ ಹೋಗುವಾಗಲೇ ಸಣ್ಣಗೆ ಸುಯ್ಯೆನ್ನುವ ಸದ್ದು ಕೇಳಿಸಿತು. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ. ಏರು ಕಡಿದಾಯಿತು. ಇಂಜಿನ್ನಿನ ದನಿ ಒಂದಿಷ್ಟು ತಗ್ಗಿತು, ಆದರೆ ಸಾಯಲಿಲ್ಲ. ಹೊಗೆ ತೆಳ್ಳಗಿತ್ತು. ಚೈನು ಒಂದೇ ಸಮ ಬಿಗಿದಿತ್ತು, ಜಗ್ಗಲಿಲ್ಲ. ಟಿಪ್ಪರು ಏರು ಮುಗಿಸಿ ಸಮನೆಲಕ್ಕೆ ಬಂದು ನಿಂತಾಗ ಮೈದುನ ಶಿಳ್ಳೆ ಹೊಡೆದ. ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿ, "ಮುಳ್ಳು ಬುಡದಿಂದ್ಲೇ ಮೇಲಿತ್ತು ಕಣೆ, ಕೆಳಕ್ ಬೀಳ್ಳೇ ಇಲ್ಲ," ಎಂದರು. ಅವರ ಮುಖದಲ್ಲಿ ಅಂಥ ಬೆಳಕು ನೋಡಿ ಬಹಳ ದಿನವಾಗಿತ್ತು.

ಚಾಚಾ ಎರಡು ಮಾತು ಹೇಳಿ ಕಳಿಸಿದರು. ಕೆಲಸ ಮುಗಿದ ಕೂಡಲೇ ಇಂಜಿನ್ನು ಆರಿಸಬೇಡಿ, ಎರಡು ನಿಮಿಷ ಸುಮ್ಮನೆ ಓಡಲಿ, ಇಲ್ಲದಿದ್ದರೆ ಟರ್ಬೊದ ಕಾದ ದಂಡಕ್ಕೆ ಎಣ್ಣೆ ಸಿಗದೆ ಸುಟ್ಟುಹೋಗುತ್ತದೆ. ಮತ್ತೆ, ಇನ್ನಷ್ಟು ಶಕ್ತಿಯ ಆಸೆಗೆ ಇಂಜಿನ್ನಿಗೆ ಡೀಸೆಲ್ ಬಿಡುವ ಪಂಪನ್ನು ಮುಟ್ಟಬೇಡಿ. ಮೊದಲನೆಯದನ್ನು ಪಾಲಿಸಿದೆವು. ಎರಡನೆಯದನ್ನು ಯಜಮಾನರು ಒಮ್ಮೆ ಮೀರಿದರು. ಇಂಜಿನ್ನಿನ ತಲೆಯ ಪ್ಯಾಕಿಂಗ್ ಹಾರಿತು. ಚಾಚಾ ಬೈದ ಬೈಗುಳ ಕೇಳಿ ಗಲ್ಲಿಯವರೆಲ್ಲ ಹೊರಗೆ ಬಂದಿದ್ದರು. ಆಮೇಲೆ ಪಂಪಿನ ತಂಟೆಗೆ ಅವರು ಹೋಗಲಿಲ್ಲ.

ಗಾಡಿ ನಿಧಾನವಾದದ್ದು ನಿಜ. ಹೆಬ್ಬಾಳದ ಕೆರೆ ಏರಿಯ ಮೇಲೆ ಸೈಕಲ್ಲಿನವರೂ ನಮ್ಮನ್ನು ದಾಟಿ ಹೋಗುತ್ತಿದ್ದರು. ನನಗೆ ಅದರ ಬಗ್ಗೆ ಬೇಸರವಿರಲಿಲ್ಲ.

ಮುಂದಿನ ವರ್ಷ ಒಂದು ಮಧ್ಯಾಹ್ನ ಯಶವಂತಪುರದಿಂದ ವಾಪಸು ಬರುವಾಗ ಕೊಡಿಗೇಹಳ್ಳಿ ರೈಲ್ವೆ ಗೇಟಿನಲ್ಲಿ ಜನ ಗುಂಪುಗೂಡಿದ್ದರು. ಜಲ್ಲಿ ತುಂಬಿದ ಲಾರಿಯೊಂದು ಹಳಿಯ ಮೇಲೇ ನಿಂತಿತ್ತು. ಆಕ್ಸಲ್ ಮುರಿದು, ಚಕ್ರಕ್ಕೆ ಇಂಜಿನ್ನಿನ ಶಕ್ತಿ ತಲುಪುತ್ತಿರಲಿಲ್ಲ. ಗೇಟ್‌ಮ್ಯಾನ್ ಕೆಂಪು ಬಾವುಟ ಹಿಡಿದು ಯಲಹಂಕದ ಕಡೆ ಹಳಿಗುಂಟ ಓಡುತ್ತಿದ್ದ. ಹತ್ತಿಪ್ಪತ್ತು ಜನ ಲಾರಿಯನ್ನು ತಳ್ಳುತ್ತಿದ್ದರು. ಅದು ಅಲುಗುತ್ತಿರಲಿಲ್ಲ.

"ಎಲ್ರೂ ಪಕ್ಕಕ್ ಬನ್ನಿ! ಚೈನಿನ ಹತ್ರ ಯಾರೂ ನಿಲ್ಬೇಡಿ!" ಎಂದು ಕೂಗಿದೆ. ಯಾವ ಹೆಂಗಸು ಇದು ಎಂದು ಕೇಳುವುದಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ. ಸರಿದರು. ಯಜಮಾನರು ನಮ್ಮ ಲಾರಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದರು. ನಾನು ಚೈನು ಸುತ್ತಿ, ಕೊಕ್ಕೆ ಹಾಕಿ, ಎರಡು ಸಲ ಎಳೆದು ನೋಡಿ, ದೂರ ಸರಿದು ಕೈಯೆತ್ತಿದೆ.

ಮೊದಲ ಗೇರು. ಸುಯ್ ಎಂದಿತು. ಚೈನು ನಿಧಾನವಾಗಿ ಬಿಗಿಯಿತು. ಜಲ್ಲಿ ಲಾರಿಯ ಹಿಂಚಕ್ರ ಹಳಿಗೆ ಒತ್ತಿಕೊಂಡಿತ್ತು. ಒಂದು ಗಳಿಗೆ ಎರಡು ಗಾಡಿಯೂ ಕದಲಲಿಲ್ಲ. ಎತ್ತಿದ ಕೈ ಇಳಿಸದೆ ನಿಂತಿದ್ದೆ. ಯಜಮಾನರು ಅವಸರ ಮಾಡಲಿಲ್ಲ, ಇಂಜಿನ್ನನ್ನು ಗರ್ರೆನಿಸಲಿಲ್ಲ. ಚಕ್ರ ಹಳಿಯ ಮೇಲೆ ಹತ್ತಿತು, ದಾಟಿತು, ಆಚೆ ಇಳಿಯಿತು. ಗೇಟು ದಾಟಿ ಮೂವತ್ತು ಮಾರು ಹೋಗುವವರೆಗೂ ನಿಲ್ಲಿಸಬೇಡಿ ಎಂದು ಕೈ ಬೀಸುತ್ತ ಓಡಿದೆ.

ರೈಲು ದೂರದಲ್ಲಿ ಬಾವುಟ ನೋಡಿ ನಿಂತಿತ್ತು. ಸ್ವಲ್ಪ ಹೊತ್ತಿಗೆ ಕೂಗು ಹಾಕಿ ನಮ್ಮ ಮುಂದೆಯೇ ಹಾದುಹೋಯಿತು. ಕಿಟಕಿಗಳಲ್ಲಿ ಜನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಮಕ್ಕಳು ಕೈ ಬೀಸಿದರು. ಏದುಸಿರು ಬಿಡುತ್ತ ಬಂದ ಗೇಟ್‌ಮ್ಯಾನ್ ರಸ್ತೆಯ ಮೇಲೇ ಕುಕ್ಕರಿಸಿದ. ನಾನು ನಮ್ಮ ನೀರಿನ ಬಾಟಲಿ ಕೊಟ್ಟೆ. ಅರ್ಧ ಕುಡಿದು, ಉಳಿದದ್ದನ್ನು ತಲೆಯ ಮೇಲೆ ಸುರಿದುಕೊಂಡ.

ಜಲ್ಲಿ ಲಾರಿಯ ಡ್ರೈವರು ನಮ್ಮ ಇಂಜಿನ್ನಿನೊಳಗೆ ಇಣುಕಿ ನೋಡಿದ. "ಹಳೇ ಮಿಲಿಟರಿ ಗಾಡಿ ಇಂಗೆ ಎಳೀತದೆ ಅಂದ್ರೆ! ಏನಣ್ಣ ಹಾಕ್ಸಿದೀಯ ಇದ್ಕೆ?" ಎಂದು ಯಜಮಾನರನ್ನು ಕೇಳಿದ.

"ನಂಗೇನ್ ಗೊತ್ತು? ಟರ್ಬೊ ಆರ್ಸಿದ್ದು ಅವ್ಳು. ಅವ್ಳನ್ನೇ ಕೇಳು," ಎಂದರು ಯಜಮಾನರು.

ಅವನು ನನ್ನ ಕಡೆ ತಿರುಗಿದ. ಹೇಳಬೇಕಾದದ್ದು ಬಹಳವಿತ್ತು. ಆದರೆ ಅವನ ಲಾರಿಯನ್ನು ಗ್ಯಾರೇಜಿಗೆ ಸೇರಿಸುವ ಕೆಲಸ ಇನ್ನೂ ಬಾಕಿ ಇತ್ತು, ಹಿಂದೆ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಗ್ಯಾರೇಜು ಮುಟ್ಟಿದ ಮೇಲೆ ಹೇಳುತ್ತೇನೆಂದು ಅವನನ್ನು ಅವನ ಸ್ಟೀರಿಂಗ್ ಹಿಂದೆ ಕೂರಿಸಿ, ನಾನು ಬಗ್ಗಿ ಕೊಕ್ಕೆಯನ್ನು ಇನ್ನೊಂದು ಸಲ ನೋಡಿದೆ.