ಕುರಿಯಾಕೋಸರ ನೀಲಿ ಕೋಟು

ನೆಲ್ಯಾಡಿ ಪೇಟೆಯಲ್ಲಿ ಆರ್ಟಿಸ್ಟ್ ಕುರಿಯಾಕೋಸರ ಕೈ ಆಡದ ಗೋಡೆ ಇಲ್ಲ. ಹರೆಯದಲ್ಲಿ ಕೇರಳದ ಪಾಲಾದಿಂದ ಬ್ರಷ್ಷು ಹಿಡಿದು ಬಂದವರು ಅಂಗಡಿಗಳಿಗೆ ಬೋರ್ಡು ಬರೆದರು, ಕ್ರಿಸ್ಮಸ್ಸಿಗೆ ಇಗರ್ಜಿಯಲ್ಲಿ ಗೋದಲಿ ಕಟ್ಟಿದರು, ಚೌತಿಗೆ ಗಣಪತಿಯನ್ನೂ ಮಾಡಿದರು. 'ನನಗೆ ಬರುವುದಿಲ್ಲ' ಎನ್ನುವುದೊಂದು ಅವರಿಗೆ ಯಾವ ಭಾಷೆಯಲ್ಲೂ ಬರುವುದಿಲ್ಲ. ಈಗ ಕಂಪ್ಯೂಟರಿನಲ್ಲಿ, ಗಲ್ಫಿನಿಂದ ಮದುವೆಗೆ ಬರಲಾಗದವರನ್ನು ಮದುವೆಯ ಫೋಟೊದೊಳಗೆ ನಿಲ್ಲಿಸಿಕೊಡುತ್ತಾರೆ. ಎಲ್ಲರಿಗೂ ಒಂದೇ ನೀಲಿ ಕೋಟು, ಏಕೆಂದರೆ ಅವರ ಬಳಿ ಇರುವುದೇ ಅದೊಂದು. ಅದೇ ಪೇಟೆಯ ನೆಬೀಸ ಎಂಬಾಕೆಯ ಮಗ ಅಫ್ರೀದ್ ದುಬೈಯಲ್ಲಿದ್ದುಕೊಂಡೇ ಆ ಕೋಟು ತೊಟ್ಟು ತಂಗಿಯ ಮದುವೆಯಲ್ಲಿ ನಿಂತ. ಈಗ ಊರಿಗೆ ಬಂದಾಗೆಲ್ಲ ಅಂದಿನ ಬಿರಿಯಾನಿಗೆ ಉಪ್ಪು ಕಡಿಮೆಯಿತ್ತು ಎನ್ನುತ್ತಾನೆ. ಒಂದು ದಿನ ಆ ಫೋಟೊಗೆ ಚೌಕಟ್ಟು ಹಾಕಿಸಲು ಕುರಿಯಾಕೋಸರ ಅಂಗಡಿಗೆ ಬಂದ ನೆಬೀಸರ ಕಣ್ಣು ಗೋಡೆಯಲ್ಲಿದ್ದ ಹಳೆಯ ಫೋಟೊದ ಮೇಲೆ ಬಿತ್ತು. ಪಾಲಾದಲ್ಲಿ ನಡೆದ ಕುರಿಯಾಕೋಸರ ತಂಗಿಯ ಮದುವೆ. ಮದುಮಗಳಿಗೂ ಅಮ್ಮನಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. "ಇದ್ರಲ್ಲಿ ನೀವೇ ಇಲ್ಲವಲ್ಲ ಮಾರಾಯ್ರೆ, ಹೋಗ್ಲಿಲ್ವಾ?" ಎಂದರು ನೆಬೀಸ. "ಆವಾಗ ಇಲ್ಲಿ ಒಂದು ಬೋರ್ಡು ಅರ್ಜೆಂಟ್ ಇತ್ತು." "ಹಾಗಾದ್ರೆ ಈಗ ಕೋಟು ಹಾಕಿ ನಿಂತ್ಕೊಳ್ಳಿ. ನಿಮ್ಮ ಕೈಯಲ್ಲೇ ಉಂಟಲ್ಲ." ಕುರಿಯಾಕೋಸರು ಮೌಸನ್ನು ಆಚೆ ಸರಿಸಿದರು. "ನಿಲ್ಲಬಹುದು. ಆದ್ರೆ ಆ ಕೋಟು ನನ್ನದಲ್ಲ ಅಂತ ಅಮ್ಮನಿಗೆ ಗೊತ್ತಾಗ್ತದೆ."